ಕಾಯಕದ ಹೆಸರು ಹೇಳಲು ನಾಚಿಕೆಯೇಕೆ?



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶಿವಶರಣರ ನಾಮಾವಳಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿರಿ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಮಾರಯ್ಯ. ಹೆಸರು ಕಿವಿಗೆ ಬಿದ್ದೊಡನೆ ಆ ಶರಣರ ಕೈ ಏನು ಮಾಡುತ್ತಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ. ಒಬ್ಬರು ಬಟ್ಟೆ ಒಗೆದರು, ಒಬ್ಬರು ದೋಣಿ ನಡೆಸಿದರು, ಒಬ್ಬರು ಬಿದಿರು ಸೀಳಿ ಹೆಣೆದರು, ಒಬ್ಬರು ಹುಲ್ಲಿನ ಹಗ್ಗ ಹೊಸೆದರು. ಅನುಭವ ಮಂಟಪದಲ್ಲಿ ಬಂದು ಕುಳಿತ ಮೇಲೂ ಆ ಹೆಸರುಗಳನ್ನು ಅವರು ಕಳಚಿಡಲಿಲ್ಲ. ಮಾಡುವ ಕೆಲಸವನ್ನು ಅದರ ಹೆಸರಿನಿಂದಲೇ ಕರೆಯುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು.

ಅಂತಹ ಪರಂಪರೆಯಲ್ಲಿ ಬೆಳೆದ ನಮ್ಮ ಮಕ್ಕಳು ಇಂದು ನೌಕರಿಗಾಗಿ ಓದಬೇಕಾಗಿರುವ ಜಾಹೀರಾತುಗಳನ್ನು ತಾವು ನೋಡಿದ್ದೀರಾ? ನೋಡಿಲ್ಲವಾದರೆ ಮನೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಮಗನನ್ನೋ ಮೊಮ್ಮಗಳನ್ನೋ ಹತ್ತಿರ ಕರೆದು, ಸಾಫ್ಟ್‌ವೇರ್ ಕಂಪನಿಗಳು ಪ್ರಕಟಿಸುವ ನಾಲ್ಕು ಜಾಹೀರಾತುಗಳನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ಒಂದು ಕಂಪನಿಗೆ 'ರಾಕ್‌ಸ್ಟಾರ್ ಡೆವಲಪರ್' ಬೇಕು. ಇನ್ನೊಂದಕ್ಕೆ 'ಕೋಡಿಂಗ್ ನಿಂಜಾ'. ಮತ್ತೊಂದು 'ಜಾವಾಸ್ಕ್ರಿಪ್ಟ್ ಗುರು'ವನ್ನು ಹುಡುಕುತ್ತಿದೆ. ಮಗದೊಂದಕ್ಕೆ ಮಂತ್ರವಾದಿಯೇ ಆಗಬೇಕು. ಅವನನ್ನು 'ವಿಝರ್ಡ್' ಎಂದು ಕರೆದಿದ್ದಾರೆ. ಇವರೆಲ್ಲರೂ 'ಪ್ಯಾಷನೇಟ್' ಆಗಿರಬೇಕು, 'ಸೆಲ್ಫ್ ಸ್ಟಾರ್ಟರ್' ಆಗಿರಬೇಕು, 'ಫಾಸ್ಟ್ ಪೇಸ್ಡ್' ವಾತಾವರಣದಲ್ಲಿ 'ಹಲವು ಟೋಪಿಗಳನ್ನು' ಒಟ್ಟಿಗೆ ಧರಿಸಲು ಸಿದ್ಧರಿರಬೇಕು. ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಆ ಮಗುವನ್ನು ಒಂದೇ ಪ್ರಶ್ನೆ ಕೇಳಿರಿ: ಸೋಮವಾರ ಬೆಳಗ್ಗೆ ಅಲ್ಲಿ ಹೋಗಿ ಕುಳಿತರೆ ನೀನು ಮಾಡಬೇಕಾದ ಕೆಲಸವೇನು? ಉತ್ತರ ಬಂದರೆ ಈ ಲೇಖನವನ್ನು ಇಲ್ಲಿಗೇ ಮಡಿಚಿಡಿ. ಬಾರದಿದ್ದರೆ ಮುಂದೆ ಓದಿರಿ.

ಒಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ನನ್ನ ತಕರಾರು ಪಾರಿಭಾಷಿಕ ಶಬ್ದಗಳ ಮೇಲಿಲ್ಲ. ಜಾವಾ, ಪೈಥಾನ್, ಡೇಟಾಬೇಸ್, ಲಿನಕ್ಸ್ ಎಂಬ ಪದಗಳು ಬಡಗಿಗೆ ಉಳಿ, ಬಾಚಿ, ಗರಗಸ ಇದ್ದ ಹಾಗೆ. ಪ್ರತಿಯೊಂದಕ್ಕೂ ಒಂದು ನಿಶ್ಚಿತವಾದ ಅರ್ಥವುಂಟು, ಬಲ್ಲವನೋ ಅಲ್ಲವೋ ಎಂದು ಪರೀಕ್ಷಿಸಿ ನೋಡಬಹುದು. ಅವುಗಳಿಗೆ ಕನ್ನಡ ಪದ ಬೇಕೆಂಬ ಚರ್ಚೆಯನ್ನೂ ಇಲ್ಲಿ ಎತ್ತುತ್ತಿಲ್ಲ. ಪರೀಕ್ಷೆಗೆ ಸಿಕ್ಕದ, ಅಳತೆಗೆ ಒಗ್ಗದ, ಕೊಡುವವನನ್ನು ಯಾವುದಕ್ಕೂ ಬದ್ಧನನ್ನಾಗಿಸದೆ ಪಡೆಯುವವನನ್ನು ಎಲ್ಲಕ್ಕೂ ಬದ್ಧನನ್ನಾಗಿಸುವ ಠೊಳ್ಳು ಶಬ್ದಗಳ ವಿಷಯವಾಗಿ ನನ್ನ ದೂರು.

'ಗುರು' ಎಂಬ ಶಬ್ದವನ್ನೇ ಮೊದಲು ತೆಗೆದುಕೊಳ್ಳೋಣ. ಅಷ್ಟಾವರಣಗಳಲ್ಲಿ ಗುರುವಿಗೆ ಪ್ರಥಮ ಸ್ಥಾನ. ಆ ಶಬ್ದವನ್ನು ಆರು ತಿಂಗಳ ಗುತ್ತಿಗೆ ನೌಕರಿಗೆ ಅಂಟಿಸಿದ್ದಾರೆಂದು ಕೆಲವು ಹಿರಿಯರು ಕುಪಿತರಾಗಿದ್ದನ್ನು ಕಂಡಿದ್ದೇನೆ. ನನಗೆ ಅಷ್ಟು ಕೋಪ ಬರುವುದಿಲ್ಲ. ಗುರುತತ್ತ್ವವು ಯಾರೋ ಜಾಹೀರಾತು ಬರೆದ ಮಾತ್ರಕ್ಕೆ ಮೈಲಿಗೆಯಾಗುವಷ್ಟು ದುರ್ಬಲವಾದುದಲ್ಲ. ನನ್ನನ್ನು ಕಾಡುವ ಸಂಗತಿ ಬೇರೆ. ಗುರುವೆಂದು ಕರೆದು ಬರಮಾಡಿಕೊಂಡ ಆ ತರುಣನಿಗೆ ಅಲ್ಲಿ ಶಿಷ್ಯರೂ ಇಲ್ಲ, ಕಲಿಸಲು ಸಮಯವೂ ಇಲ್ಲ, ಅವನ ಮಾತಿಗೆ ಬೆಲೆಯೂ ಇಲ್ಲ. ಹೆಸರು ಗುರುವಿನದು, ಆಳಿಕೆ ಮೇಲಧಿಕಾರಿಯದು. ಬಿರುದು ಕೊಡುವುದಕ್ಕೆ ಬಿಡಿಗಾಸಿನ ಖರ್ಚಿಲ್ಲ. ಆದುದರಿಂದಲೇ ಸಂಬಳದ ಜಾಗದಲ್ಲಿ ಬಿರುದನ್ನು ಬಡಿಸುವ ಪದ್ಧತಿ ಬೆಳೆದಿದೆ.

ಇದು ಕೇವಲ ಊಹೆಯೆಂದು ತಿಳಿಯಬೇಡಿ. 'ನಿಂಜಾ' ಎಂಬ ಹೆಸರಿನ ಗತಿಯನ್ನು ನೋಡಿರಿ. ಹಳೆಯ ಜಪಾನಿನಲ್ಲಿ ಮರೆಯಲ್ಲಿ ಸಂಚರಿಸಿ ಗೂಢಚರ್ಯೆ ಮಾಡುತ್ತಿದ್ದವರಿಗೆ ಇದ್ದ ಹೆಸರದು. ನಮ್ಮ ದೇಶದ ಅತಿದೊಡ್ಡ ಸಾಫ್ಟ್‌ವೇರ್ ಸಂಸ್ಥೆಯಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಹೊಸ ಪದವೀಧರರನ್ನು ತೆಗೆದುಕೊಳ್ಳುವಾಗ ಇಟ್ಟ ದರ್ಜೆಗಳಲ್ಲಿ ನಿಂಜಾ, ಡಿಜಿಟಲ್, ಪ್ರೈಮ್ ಎಂಬ ಹೆಸರುಗಳಿವೆ. ಕೇಳಿದವರಿಗೆ ನಿಂಜಾ ಎಂಬುದೇ ಎಲ್ಲಕ್ಕಿಂತ ಶೂರನ ದರ್ಜೆಯೆಂದು ತೋರುವುದು ಸಹಜ. ವಾಸ್ತವದಲ್ಲಿ ಮೂರರಲ್ಲಿ ಕಡಿಮೆ ಸಂಬಳದ ದರ್ಜೆ ಅದೇ. ವರ್ಷಕ್ಕೆ ಸುಮಾರು 3.36 ಲಕ್ಷ ರೂಪಾಯಿ ನಿಂಜಾನಿಗೆ, ಸುಮಾರು 7 ಲಕ್ಷ ಡಿಜಿಟಲ್ ದರ್ಜೆಯವನಿಗೆ. ಆ ಜಪಾನಿ ಪದದ ಮೊದಲನೆಯ ಅಕ್ಷರಕ್ಕೆ 'ಅಡಗಿರು' ಎಂಬ ಅರ್ಥದಂತೆಯೇ 'ಸಹಿಸು' ಎಂಬ ಅರ್ಥವೂ ಉಂಟಂತೆ. ಆ ಎರಡನೆಯ ಅರ್ಥದಲ್ಲಾದರೆ ಹೆಸರು ಚೆನ್ನಾಗಿ ಒಪ್ಪುತ್ತದೆ!

ಕೆಲವು ಶಬ್ದಗಳು ಹುಟ್ಟುವಾಗ ಪ್ರಾಮಾಣಿಕವಾಗಿಯೇ ಹುಟ್ಟಿದವು ಎಂಬುದನ್ನು ನ್ಯಾಯದ ದೃಷ್ಟಿಯಿಂದ ಒಪ್ಪಿಕೊಳ್ಳತಕ್ಕದ್ದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಾಂಶ ಬಲ್ಲವರು ಕೂಡಿ, ದಪ್ಪ ದಪ್ಪ ದಸ್ತಾವೇಜುಗಳಿಗಿಂತ ಕೆಲಸ ಮಾಡುವ ಪ್ರೋಗ್ರಾಮು ದೊಡ್ಡದು, ವಿಧಿವಿಧಾನಗಳಿಗಿಂತ ಮನುಷ್ಯರು ದೊಡ್ಡವರು ಎಂಬ ಆಶಯದ ಘೋಷಣೆಯೊಂದನ್ನು ಬರೆದರು. ಅದಕ್ಕೆ 'ಅಜೈಲ್' ಎಂದು ಹೆಸರಿಟ್ಟರು. ಸದಾಶಯವೇ ಸರಿ. ಇಂದು ಜಾಹೀರಾತಿನಲ್ಲಿ 'ಅಜೈಲ್ ಮೈಂಡ್‌ಸೆಟ್' ಎಂದರೆ ಅನೇಕ ಕಡೆ ಇರುವ ಅರ್ಥವಿಷ್ಟೇ: ಮಾಡಬೇಕಾದ ಕೆಲಸ ಯಾವುದೆಂದು ನಾವಿನ್ನೂ ನಿರ್ಧರಿಸಿಲ್ಲ, ನಿರ್ಧಾರ ಬದಲಾದಾಗಲೆಲ್ಲ ನೀನು ರಾತ್ರಿ ಕುಳಿತು ತಿದ್ದತಕ್ಕದ್ದು. 'ಡೆವ್‌ಆಪ್ಸ್' ಎಂಬುದು 2009ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ನಡೆದ ಒಂದು ಸಮ್ಮೇಳನದಿಂದ ಬಳಕೆಗೆ ಬಂದ ಮಾತು. ಪ್ರೋಗ್ರಾಮು ಬರೆಯುವವರೂ ಅದನ್ನು ಯಂತ್ರಗಳ ಮೇಲೆ ನಡೆಸುವವರೂ ಪರಸ್ಪರ ಬೆನ್ನು ತಿರುಗಿಸಿ ಕುಳಿತುಕೊಳ್ಳದೆ ಒಟ್ಟಿಗೆ ದುಡಿಯಬೇಕೆಂಬುದು ಅದರ ತಿರುಳು. ಎರಡು ಗುಂಪುಗಳ ನಡುವಣ ಸ್ನೇಹಕ್ಕೆ ಇಟ್ಟ ಹೆಸರನ್ನು ಜಾಹೀರಾತಿನವರು ಒಬ್ಬನೇ ಮನುಷ್ಯನ ಹುದ್ದೆಯನ್ನಾಗಿ ಮಾಡಿದರು. ಇಬ್ಬರ ಹೊರೆ ಒಬ್ಬನ ತಲೆಯ ಮೇಲೆ ಬಂದಿತು. 'ಫುಲ್ ಸ್ಟ್ಯಾಕ್' ಎಂಬ ಮಾತಿನದೂ ಬಹುಪಾಲು ಇದೇ ಕಥೆ. ಮನೆ ಕಟ್ಟುವವನನ್ನು ಕರೆದು, ಗಾರೆ ಕೆಲಸ, ಮರಗೆಲಸ, ನೀರಿನ ಕೊಳಾಯಿ, ವಿದ್ಯುತ್ತು ಎಲ್ಲವನ್ನೂ ನೀನೇ ಮಾಡು, ಕೂಲಿ ಮಾತ್ರ ಒಂದೇ ಆಳಿನದು ಎಂದರೆ ನಮ್ಮೂರಿನ ಗಾರೆಯವನು ಎದ್ದು ಹೋಗುತ್ತಾನೆ. ಇಂಜಿನಿಯರಿಂಗ್ ಪದವೀಧರನು ಎದ್ದು ಹೋಗಲಾರ, ಏಕೆಂದರೆ ಅವನ ತಲೆಯ ಮೇಲೆ ವಿದ್ಯಾಭ್ಯಾಸದ ಸಾಲವಿದೆ.

ಅನುಭವದ ವರ್ಷಗಳ ವಿಷಯಕ್ಕೆ ಬಂದರಂತೂ ವಿನೋದಕ್ಕೆ ಪಾರವಿಲ್ಲ. 'ಕುಬರ್ನೆಟೀಸ್' ಎಂಬ ಒಂದು ಸಾಧನವಿದೆ. ಸಾವಿರಾರು ಯಂತ್ರಗಳ ಮೇಲೆ ಪ್ರೋಗ್ರಾಮುಗಳನ್ನು ಹಂಚಿ ನಡೆಸುವುದು ಅದರ ಕೆಲಸ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಹಡಗಿನ ಚುಕ್ಕಾಣಿ ಹಿಡಿದವನೆಂದು ಅರ್ಥ. ನಮ್ಮ ಚೌಡಯ್ಯನವರ ವೃತ್ತಿಬಾಂಧವನೆನ್ನಿರಿ. ಅದು ಲೋಕಕ್ಕೆ ಬಂದದ್ದು 2014ರಲ್ಲಿ. 2020ರ ಜುಲೈ ತಿಂಗಳಿನಲ್ಲಿ ಐಬಿಎಂ ಸಂಸ್ಥೆಯ ಜಾಹೀರಾತೊಂದು ಇದರಲ್ಲಿ 12 ವರ್ಷಗಳಿಗೂ ಮಿಕ್ಕಿದ ಅನುಭವ ಬೇಕೆಂದು ಕೇಳಿ ಜಗತ್ತಿನ ನಗೆಗೆ ಈಡಾಯಿತು. ಆರು ವರ್ಷದ ಮಗುವಿನ ಜೊತೆ ಹನ್ನೆರಡು ವರ್ಷ ಆಡಿದವರು ಬೇಕಂತೆ! ಅದೇ ತಿಂಗಳಿನಲ್ಲಿ 'ಫಾಸ್ಟ್‌ಎಪಿಐ' ಎಂಬ ಸಾಧನವನ್ನು ರಚಿಸಿದ ಸೆಬಾಸ್ಟಿಯನ್ ರಮಿರೇಜ಼್ ಎಂಬುವರು ಒಂದು ಜಾಹೀರಾತನ್ನು ಕಂಡರು. ಆ ಸಾಧನದಲ್ಲಿ ನಾಲ್ಕು ವರ್ಷದ ಅನುಭವ ಬೇಕೆಂದು ಅದರಲ್ಲಿ ಬರೆದಿತ್ತು. ತಾವು ಅದನ್ನು ಸೃಷ್ಟಿಸಿ ಒಂದೂವರೆ ವರ್ಷವಷ್ಟೇ ಆಗಿರುವುದರಿಂದ ತಮಗೆ ಅರ್ಜಿ ಹಾಕುವ ಅರ್ಹತೆಯಿಲ್ಲವೆಂದು ಅವರು ಬಹಿರಂಗವಾಗಿ ಹೇಳಿಕೊಂಡರು.

ನಕ್ಕು ಬಿಟ್ಟುಬಿಡಬಹುದು. ಆದರೆ ಇಂತಹ ಜಾಹೀರಾತಿಗೆ ಅರ್ಜಿ ಹಾಕುವವನು ಯಾರು ಎಂದು ಯೋಚಿಸಿರಿ. ಹನ್ನೆರಡು ವರ್ಷದ ಅನುಭವವಿದೆಯೆಂದು ಬರೆಯಬಲ್ಲವನು ಒಬ್ಬನೇ: ಸುಳ್ಳು ಹೇಳುವವನು. ನಿಜ ಹೇಳುವವನು ಬಾಗಿಲಲ್ಲಿಯೇ ನಿಲ್ಲುತ್ತಾನೆ. ಈ ಲೇಖನ ಬರೆಯಲು ನನ್ನನ್ನು ಪ್ರೇರಿಸಿದ್ದು ಇದೇ. ಶ್ರೀಮಠದ ಪ್ರಸಾದ ನಿಲಯದಲ್ಲಿ ಬೆಳಗಿನ ಪ್ರಾರ್ಥನೆಯಿಂದ ಮೊದಲುಗೊಂಡು ರಾತ್ರಿಯ ಪ್ರಸಾದದವರೆಗೆ ವರ್ಷಗಟ್ಟಲೆ ನಾವು ಮಕ್ಕಳಿಗೆ ಕಲಿಸುವುದು ಏನನ್ನು? ನುಡಿಯೂ ನಡೆಯೂ ಒಂದಾಗಿರಲಿ ಎಂಬುದನ್ನು. ಹಾಗೆ ಕಲಿಸಿ ಅವರನ್ನು ಯಾವ ದ್ವಾರಕ್ಕೆ ಕಳಿಸಿಕೊಡುತ್ತಿದ್ದೇವೆ? ನುಡಿ ನಡೆಗಳೆರಡೂ ಒಂದಾಗಿರುವವನು ಮೊದಲು ಸೋಲುವ ದ್ವಾರಕ್ಕೆ.

ನಿಲಯದಲ್ಲಿ ಒಂದೇ ಕೊಠಡಿಯಲ್ಲಿದ್ದು ಓದಿದ ಇಬ್ಬರು ಹುಡುಗರ ಸಂಗತಿ ಹೇಳುತ್ತೇನೆ. ಇಬ್ಬರೂ ರೈತರ ಮಕ್ಕಳು, ಅಂಕಗಳಲ್ಲಿಯೂ ಹೆಚ್ಚುಕಡಿಮೆ ಸಮಾನರು. ಒಂದು ಜಾಹೀರಾತು ಹದಿನಾಲ್ಕು ತಂತ್ರಗಳಲ್ಲಿ 'ಎಕ್ಸ್‌ಪರ್ಟ್' ಆಗಿರಬೇಕೆಂದು ಕೇಳಿತ್ತು. ಮೊದಲನೆಯವನು, ನನಗೆ ಜಾವಾ ಮತ್ತು ಡೇಟಾಬೇಸ್ ಎರಡು ಮಾತ್ರ ಕೆಲಸಕ್ಕೆ ಬರುವಷ್ಟು ಗೊತ್ತು ಎಂದು ಅರ್ಜಿಯಲ್ಲಿ ಆ ಎರಡನ್ನೇ ಬರೆದನು. ಎರಡನೆಯವನು ಜಾಹೀರಾತಿನ ಹದಿನಾಲ್ಕು ಪದಗಳನ್ನೂ ಇದ್ದಂತೆಯೇ ಎತ್ತಿ ತನ್ನ ಅರ್ಜಿಯಲ್ಲಿ ಇಳಿಸಿದನು. ಕರೆ ಬಂದದ್ದು ಎರಡನೆಯವನಿಗೆ. ಕಾರಣವೂ ಗೂಢವಾದುದಲ್ಲ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳನ್ನು ಮೊದಲು ಓದುವುದು ಮನುಷ್ಯನಲ್ಲ, ಒಂದು ಪ್ರೋಗ್ರಾಮು. ಜಾಹೀರಾತಿನ ಪದಗಳು ಅರ್ಜಿಯಲ್ಲಿ ಎಷ್ಟು ಸಲ ಬಂದಿವೆಯೆಂದು ಅದು ಹೊಂದಿಸಿ ನೋಡುತ್ತದೆ. ಎರಡನೆಯ ಹುಡುಗನನ್ನು ನಾನು ಬೈಯಲಾರೆ. ಸುಳ್ಳನ್ನು ಅವನು ಕಲಿತದ್ದು ಜಾಹೀರಾತಿನಿಂದ. ಕಂಪನಿಯು ತನಗೆ ಬೇಡದ ಹನ್ನೆರಡನ್ನು ಬೇಕೆಂದು ಬರೆಯಿತು, ಹುಡುಗನು ತನ್ನಲ್ಲಿಲ್ಲದ ಹನ್ನೆರಡನ್ನು ಇದೆಯೆಂದು ಬರೆದನು. ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಕೊಟ್ಟದ್ದು ಎಕ್ಸೆಲ್ ಹಾಳೆಗಳನ್ನು ಹೊಂದಿಸುವ ಕೆಲಸವೆಂದು ಆಮೇಲೆ ತಿಳಿಯಿತು. ಮೊದಲನೆಯವನು ಇನ್ನೂ ಎಂಟು ತಿಂಗಳು ಕಾದನು. ಅವನ ತಂದೆ ಆ ಮಧ್ಯೆ ಎರಡು ಸಲ ಮಠಕ್ಕೆ ಬಂದು, ಹುಡುಗನಲ್ಲಿ ಏನಾದರೂ ಕೊರತೆಯಿದೆಯೇ ಎಂದು ಕೇಳಿ ಹೋದರು.

ಪೇಟೆಯ ಇಂಗ್ಲಿಷ್ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈ ಶಬ್ದಗಳ ಒಳಗುಟ್ಟು ಗೊತ್ತಿರುತ್ತದೆ. ಹತ್ತು ಕೇಳಿದರೆ ನಾಲ್ಕಿದ್ದರೆ ಸಾಕೆಂದು ಅವರ ಅಣ್ಣನೋ ಚಿಕ್ಕಪ್ಪನೋ ಹೇಳಿಕೊಟ್ಟಿರುತ್ತಾರೆ. ಮನೆಯಲ್ಲಿ ಮೊದಲು ಪದವಿ ಪಡೆದ ಹಳ್ಳಿಯ ಹುಡುಗ ಅಚ್ಚಾದ ಮಾತನ್ನು ಅಚ್ಚಾದ ಹಾಗೆಯೇ ನಂಬುತ್ತಾನೆ. ಆದುದರಿಂದ ಈ ಠೊಳ್ಳು ನುಡಿಯ ದಂಡವನ್ನು ತೆರುವವರು ಬಹುಮಟ್ಟಿಗೆ ನಮ್ಮ ನಿಲಯಗಳ ಮಕ್ಕಳೇ.

ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. 2011ರಲ್ಲಿ ಗೌಷೆ, ಫ್ರೀಸನ್, ಕೇ ಎಂಬ ಮೂವರು ಮನಶ್ಶಾಸ್ತ್ರಜ್ಞರು ಕೆನಡಾದ ವಾಟರ್ಲೂ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಗಳಿಂದ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಗಂಡಸರೇ ಹೆಚ್ಚಾಗಿರುವ ವೃತ್ತಿಗಳ ಜಾಹೀರಾತುಗಳಲ್ಲಿ ಸ್ಪರ್ಧೆ, ಪ್ರಾಬಲ್ಯ, ನಾಯಕತ್ವದ ಛಾಯೆಯುಳ್ಳ ಶಬ್ದಗಳು ಹೆಚ್ಚಾಗಿರುತ್ತವೆಂದೂ, ಅವನ್ನು ಓದಿದ ಸ್ತ್ರೀಯರಿಗೆ ಆ ಉದ್ಯೋಗದಲ್ಲಿ ಆಸಕ್ತಿ ಕುಗ್ಗುತ್ತದೆಂದೂ ಅವರು ಕಂಡುಕೊಂಡರು. ತಮಗೆ ಶಕ್ತಿಯಿಲ್ಲವೆಂದು ಆ ಸ್ತ್ರೀಯರು ಹಿಂಜರಿದದ್ದಲ್ಲ. ಅದು ತಮ್ಮ ಜಾಗವಲ್ಲವೆಂದು ಅನ್ನಿಸಿತು, ಅಷ್ಟೆ. ನಿಂಜಾ, ರಾಕ್‌ಸ್ಟಾರ್, ಹ್ಯಾಕರ್ ಎಂಬ ಹೆಸರುಗಳನ್ನು ಇಟ್ಟವರು ಯಾವ ಹುಡುಗಿಯ ಮುಖವನ್ನು ನೆನೆದು ಇಟ್ಟಿದ್ದಾರು? ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನನ್ನು ನಿಲ್ಲಿಸಿ ಕೇಳಿದ ಲಕ್ಕಮ್ಮನವರ ವಂಶದ ಬುದ್ಧಿಯುಳ್ಳ ಹುಡುಗಿಯರು ನಮ್ಮ ಕಾಲೇಜುಗಳಲ್ಲಿದ್ದಾರೆ. ಲೆಕ್ಕದಲ್ಲಿ ತಪ್ಪು ಹುಡುಕುವ ಆ ಬುದ್ಧಿಯೇ ತಂತ್ರಾಂಶಕ್ಕೆ ಬೇಕಾದ ಬುದ್ಧಿ.

ಇನ್ನು 'ಹತ್ತು ಪಟ್ಟಿನ ಇಂಜಿನಿಯರ್' ಎಂಬ ಮಹಿಮೆ. ಒಬ್ಬನೇ ಹತ್ತು ಜನರ ಕೆಲಸ ಮಾಡುತ್ತಾನಂತೆ. ಈ ನಂಬಿಕೆಯ ಬೇರು 1968ರಲ್ಲಿ ಸ್ಯಾಕ್‌ಮನ್, ಎರಿಕ್ಸನ್, ಗ್ರಾಂಟ್ ಎಂಬುವರು ಅಮೆರಿಕದಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿದೆ. ಗಣಕಯಂತ್ರದ ಮುಂದೆ ಕುಳಿತು ಕೆಲಸ ಮಾಡುವುದು ಮೇಲೋ, ದೂರದಿಂದ ಕಳಿಸಿ ಮಾಡಿಸುವುದು ಮೇಲೋ ಎಂದು ಹೋಲಿಸುವುದು ಅವರ ಉದ್ದೇಶವಾಗಿತ್ತು. ಅನುಭವಿಗಳ ಪ್ರಯೋಗದಲ್ಲಿ ಭಾಗವಹಿಸಿದವರು 12 ಮಂದಿ. ಅವರಲ್ಲಿ ಅತ್ಯುತ್ತಮನಿಗೂ ಅತ್ಯಂತ ಹಿಂದುಳಿದವನಿಗೂ ನಡುವೆ ಕೆಲವು ಅಳತೆಗಳಲ್ಲಿ ಇಪ್ಪತ್ತು ಪಟ್ಟಿಗೂ ಮಿಕ್ಕಿದ ಅಂತರ ಕಂಡಿತು. ಮೊದಲಿಗನನ್ನು ಕೊನೆಯವನೊಡನೆ ಹೋಲಿಸಿದ ಆ ಅಂಕಿ, ಕಾಲಾಂತರದಲ್ಲಿ ಸಾಧಾರಣರಿಗಿಂತ ಹತ್ತು ಪಟ್ಟು ಸಮರ್ಥನಾದ ಅವತಾರಪುರುಷನ ಕಲ್ಪನೆಯಾಗಿ ಬೆಳೆಯಿತು. 2019ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಬಂಡವಾಳ ಹೂಡಿಕೆದಾರರೊಬ್ಬರು ಇಂತಹ ಪುರುಷನ ಲಕ್ಷಣಗಳನ್ನು ಸಾರ್ವಜನಿಕವಾಗಿ ಪಟ್ಟಿಮಾಡಿದಾಗ ದೇಶವಿದೇಶಗಳಲ್ಲಿ ಅದು ಚರ್ಚೆಯಾಯಿತು. ಅವನಿಗೆ ಸಭೆಗಳು ಆಗಿಬಾರವು, ಅವನ ತೆರೆ ಕಪ್ಪಾಗಿರುತ್ತದೆ, ಅವನು ಇತರರಿಗೆ ಕಲಿಸುವುದರಲ್ಲಿ ಹಿಂದು ಎಂಬುದು ಆ ಪಟ್ಟಿಯಲ್ಲಿತ್ತು. ಕಲಿಸಲಾರದಿರುವುದೂ ಒಂದು ಸದ್ಗುಣವೆಂಬಂತೆ! ಹಗ್ಗ ಹೊಸೆಯುವವರೂ ದೋಣಿ ನಡೆಸುವವರೂ ಒಂದೆಡೆ ಕುಳಿತು ಒಬ್ಬರ ಅನುಭವವನ್ನು ಇನ್ನೊಬ್ಬರಿಗೆ ಉಣಬಡಿಸಿದ ಮಂಟಪದ ಹೆಸರು ಹೇಳುವ ನಾವು ಇಂತಹ ಲಕ್ಷಣಗ್ರಂಥಕ್ಕೆ ತಲೆದೂಗಬೇಕೆ?

ಜಾಹೀರಾತಿನಲ್ಲಿ ಬರೆದುದಕ್ಕಿಂತ ಬರೆಯದೆ ಉಳಿಸಿದ್ದು ಹೆಚ್ಚು ಅಪಾಯಕಾರಿ. 'ನಾವೆಲ್ಲ ಒಂದು ಕುಟುಂಬ' ಎಂದಿರುತ್ತದೆ. ಕುಟುಂಬದಲ್ಲಿ ಮಗನಿಗೆ ನೋಟೀಸು ಕೊಟ್ಟು ಹೊರಗೆ ಹಾಕುವ ಪದ್ಧತಿಯನ್ನು ನಾನಂತೂ ಕಂಡಿಲ್ಲ. 'ಫಾಸ್ಟ್ ಪೇಸ್ಡ್' ಎಂದಿರುತ್ತದೆ. ಎಷ್ಟು ಗಂಟೆಯ ದುಡಿಮೆಯೆಂದು ಇರುವುದಿಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು ತಿದ್ದಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಕೇಳಿಬಂದು ನೌಕರರ ಸಂಘ ಅದನ್ನು ವಿರೋಧಿಸಿದ್ದು ತಮಗೆ ನೆನಪಿರಬಹುದು. ಆ ಪ್ರಸ್ತಾಪವನ್ನು ನಾನು ಒಪ್ಪುವುದಿಲ್ಲ. ಆದರೆ ಅದರಲ್ಲಿ ಒಂದು ಸಂಖ್ಯೆಯಾದರೂ ಇತ್ತು, ಬೇಡವೆನ್ನಲು ಸಾಧ್ಯವಾಯಿತು. 'ಫಾಸ್ಟ್ ಪೇಸ್ಡ್' ಎಂಬುದಕ್ಕೆ ಬೇಡವೆನ್ನುವುದು ಹೇಗೆ?

'ಇಮ್ಮೀಡಿಯೆಟ್ ಜಾಯಿನರ್' ಎಂಬುದು ನಮ್ಮ ದೇಶದ ವಿಶೇಷ. ನಾಳೆಯೇ ಬಂದು ಸೇರುವವನು ಬೇಕು. ಅದೇ ಕಂಪನಿಯು ತನ್ನಲ್ಲಿ ದುಡಿಯುವವನು ಬಿಟ್ಟುಹೋಗಬೇಕಾದರೆ 90 ದಿನಗಳ ಮುಂಚಿತ ನೋಟೀಸು ಕೊಡತಕ್ಕದ್ದೆಂದು ಕರಾರು ಬರೆಸಿಕೊಂಡಿರುತ್ತದೆ. ತನ್ನ ಆಳು ಮೂರು ತಿಂಗಳು ಹೋಗಕೂಡದು, ಪರರ ಆಳು ಮಾರನೆಯ ದಿನವೇ ಬರಬೇಕು! ಇಂತಹ ನ್ಯಾಯವನ್ನು ನಮ್ಮ ಹಳ್ಳಿಯ ಚಾವಡಿಯಲ್ಲಿ ಹೇಳಿದರೆ ಪಂಚರು ಎದ್ದು ಹೋಗುತ್ತಿದ್ದರು.

ಸಂಬಳದ ಮಾತಂತೂ ಮುಸುಕಿನೊಳಗಣ ಗುದ್ದು. 'ಕಾಂಪಿಟಿಟಿವ್ ಸ್ಯಾಲರಿ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಕಿಯನ್ನು ಹೇಳುವ ಪ್ರಸಂಗ ಬಂದರೆ 'ಸಿಟಿಸಿ' ಎಂಬ ಲೆಕ್ಕವನ್ನು ಮುಂದಿಡುತ್ತಾರೆ. ಕಂಪನಿಗೆ ತಗಲುವ ಒಟ್ಟು ಖರ್ಚು ಎಂದು ಅದರ ಅರ್ಥ. ಮೂಲವೇತನದ ಶೇಕಡಾ 12ರಷ್ಟು ಕಂಪನಿಯ ಭವಿಷ್ಯನಿಧಿ ವಂತಿಗೆ, ಶೇಕಡಾ 4.81ರಷ್ಟು ಗ್ರಾಚ್ಯುಯಿಟಿ, ವಿಮೆಯ ಕಂತು, ಸಿಕ್ಕರೆ ಸಿಕ್ಕಿತು ಎಂಬಂತಹ ವಾರ್ಷಿಕ ಬೋನಸ್ಸು ಇವೆಲ್ಲವೂ ಬಹುಮಟ್ಟಿಗೆ ಅದರೊಳಗೆ ಸೇರಿರುತ್ತವೆ. ಗ್ರಾಚ್ಯುಯಿಟಿಯಾದರೋ ಕಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಮುಗಿಸದ ಹೊರತು ಕೈಸೇರದು. ಊರಿನಲ್ಲಿ ತಂದೆ ವರ್ಷಕ್ಕೆ ನಾಲ್ಕು ಲಕ್ಷವೆಂದು ಕೇಳಿ, ಹನ್ನೆರಡರಿಂದ ಭಾಗಿಸಿ, ಮಗ ತಿಂಗಳಿಗೆ ಮೂವತ್ತಮೂರು ಸಾವಿರ ತರುತ್ತಾನೆಂದು ಅದೇ ಲೆಕ್ಕದಲ್ಲಿ ಮಗಳ ಮದುವೆಯ ಮಾತುಕತೆ ಆರಂಭಿಸಿರುತ್ತಾರೆ. ಮೊದಲ ತಿಂಗಳ ಸಂಬಳದ ಚೀಟಿ ಬಂದಾಗ ಮನೆಯಲ್ಲಿ ಆಗುವ ಮೌನವನ್ನು ಜಾಹೀರಾತು ಬರೆದವರು ಒಮ್ಮೆಯಾದರೂ ಕಂಡಿದ್ದಾರೆಯೇ?

'ಎಲ್ಲರೂ ಹೀಗೆಯೇ ಬರೆಯುತ್ತಾರೆ. ನಾವೊಬ್ಬರೇ ಸಪ್ಪೆಯಾಗಿ ಬರೆದರೆ ಒಳ್ಳೆಯ ಹುಡುಗರು ನಮ್ಮ ಕಡೆ ತಿರುಗಿಯೂ ನೋಡರು' ಎಂಬುದು ಇದಕ್ಕೆ ಬರುವ ಸಮಾಧಾನ. ಸಂತೆಯಲ್ಲಿ ಎಲ್ಲರೂ ಸೇರಿನಲ್ಲಿ ಕಡಿಮೆ ಅಳೆಯುತ್ತಾರೆಂದು ಶರಣನಾದವನೂ ಕಡಿಮೆ ಅಳೆಯಬೇಕೆ? ಅದು ಹಾಗಿರಲಿ, ವ್ಯವಹಾರದ ಮಾತನ್ನೇ ಆಡೋಣ. ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆಗಿಂತ ಸಪ್ಪೆಯಾದ ಬರವಣಿಗೆ ಇನ್ನೊಂದಿಲ್ಲ. ಹುದ್ದೆಯ ಹೆಸರು, ಸಂಖ್ಯೆ, ವೇತನ ಶ್ರೇಣಿ, ವಿದ್ಯಾರ್ಹತೆ, ವಯೋಮಿತಿ. ಅಷ್ಟನ್ನೇ ಓದಿ ಲಕ್ಷಾಂತರ ತರುಣರು ಅರ್ಜಿ ಹಾಕುತ್ತಾರೆ. ಸರ್ಕಾರಿ ನೇಮಕದಲ್ಲಿ ಬೇರೆ ಸಾವಿರ ದೋಷಗಳಿರಬಹುದು, ಪರೀಕ್ಷೆಗಳು ವರ್ಷಗಟ್ಟಲೆ ಎಳೆಯಬಹುದು; ಆದರೆ ಗುಮಾಸ್ತೆಯ ಕೆಲಸಕ್ಕೆ ಕರೆದು 'ಕಡತ ನಿಂಜಾ' ಎಂದು ಬರೆದದ್ದನ್ನು ಯಾರೂ ಕಂಡಿಲ್ಲ. ಈ ಶಬ್ದಗಳ ತವರಾದ ಅಮೆರಿಕದಲ್ಲಿಯೇ ಕಾನೂನು ಎಚ್ಚತ್ತುಕೊಂಡಿದೆ. ಕೊಲರಾಡೋ ಪ್ರಾಂತ್ಯದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರಿನಿಂದ, ಸಾಫ್ಟ್‌ವೇರ್ ಉದ್ಯಮದ ಹೃದಯವೆನಿಸಿದ ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ ಜಾಹೀರಾತಿನಲ್ಲಿಯೇ ಸಂಬಳದ ವ್ಯಾಪ್ತಿಯನ್ನು ನಮೂದಿಸುವುದು ಕಡ್ಡಾಯವಾಗಿದೆ. ಇದರಿಂದ ಅಲ್ಲಿನ ಉದ್ಯಮವೇನೂ ಮುಳುಗಿಹೋಗಲಿಲ್ಲ.

ಇಷ್ಟು ಹೊತ್ತು ಕಂಪನಿ, ಕಂಪನಿ ಎಂದೆ. ಕಂಪನಿಗೆ ಕೈಯಿಲ್ಲ, ಜಾಹೀರಾತನ್ನು ಬರೆಯುವುದು ಮನುಷ್ಯರೇ. ಶ್ರೀಮಠಗಳ ಹಳೆಯ ವಿದ್ಯಾರ್ಥಿಗಳೆ, ಈಗ ನಾನು ಮಾತನಾಡುತ್ತಿರುವುದು ತಮ್ಮೊಡನೆ. ತುಮಕೂರಿನ ಸಿದ್ಧಗಂಗಾ ಮಠದ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1963ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠದ ಕಾಲೇಜೂ ತೆರೆಯಿತು. ಬೆಂಗಳೂರು ಸಾಫ್ಟ್‌ವೇರಿನ ಊರೆನಿಸುವುದಕ್ಕೆ ಎರಡು ದಶಕ ಮೊದಲೇ ಮಠಗಳು ಇಂಜಿನಿಯರುಗಳನ್ನು ತಯಾರಿಸುವ ಭಾರ ಹೊತ್ತವು. ಅಲ್ಲಿ ಓದಿದವರು, ನಿಲಯಗಳ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರು, ಇಂದು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ವಿಭಾಗದ ಮುಖ್ಯಸ್ಥರಾಗಿ, ನೇಮಕಾಧಿಕಾರಿಗಳಾಗಿ ಕುಳಿತಿದ್ದೀರಿ. ಹೊಸಬರು ಬೇಕೆಂದಾಗ ಮಾನವ ಸಂಪನ್ಮೂಲ ವಿಭಾಗದವರು ಕಳಿಸಿದ ಹಳೆಯ ಕರಡಿಗೆ ಇನ್ನೂ ನಾಲ್ಕು ಶಬ್ದ ಸೇರಿಸಿ ರುಜು ಹಾಕುವವರು ತಾವೇ. ತಾವು ನಿಲಯಕ್ಕೆ ಬಂದಾಗ ತಮ್ಮನ್ನು ಯಾರಾದರೂ ರಾಕ್‌ಸ್ಟಾರ್ ಎಂದು ಕರೆದಿದ್ದರೇ? ಬೆಳಗ್ಗೆ ಎಷ್ಟು ಗಂಟೆಗೆ ಏಳಬೇಕು, ಯಾವ ದಿನ ಅಂಗಳ ಗುಡಿಸುವ ಸರದಿ, ಬಡಿಸುವ ಸರದಿ ಎಂದು ಎಂಬುದನ್ನು ಹಲಗೆಯ ಮೇಲೆ ಬರೆದಿರುತ್ತಿದ್ದರು. ಅದನ್ನು ಓದಿ ಅರ್ಥವಾಗದವರು ಒಬ್ಬರೂ ಇರಲಿಲ್ಲ.

ಹೇಗೆ ಬರೆಯಬೇಕೆಂದು ತಾವು ಕೇಳಬಹುದು. ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ತಮ್ಮ ತಮ್ಮ ಶಕ್ತ್ಯನುಸಾರ ಇರಲಿ. "ಬೆಂಗಳೂರಿನ ನಮ್ಮ ಕಚೇರಿಗೆ ಜಾವಾ ಬಲ್ಲ ಇಬ್ಬರು ಬೇಕಾಗಿದ್ದಾರೆ. ಆಸ್ಪತ್ರೆಗಳ ಬಿಲ್ಲು ತಯಾರಿಸುವ ಹಳೆಯ ಪ್ರೋಗ್ರಾಮಿನ ದೋಷ ತಿದ್ದುವುದು ಮೊದಲ ಆರು ತಿಂಗಳ ಕೆಲಸ, ಅನಂತರ ಹೊಸ ಭಾಗಗಳನ್ನು ಬರೆಯುವುದು. ಡೇಟಾಬೇಸಿನ ಪರಿಚಯ ಇರಬೇಕು. ಉಳಿದುದನ್ನು ನಾವು ಕಲಿಸುತ್ತೇವೆ. ಕೆಲಸದ ವೇಳೆ ಬೆಳಗ್ಗೆ ಹತ್ತರಿಂದ ಸಂಜೆ ಆರೂವರೆ. ತಿಂಗಳಿಗೆ ಒಂದು ವಾರ ಸರದಿಯ ಮೇಲೆ ರಾತ್ರಿ ಕರೆ ಬಂದರೆ ಎದ್ದು ನೋಡಬೇಕು, ಅದಕ್ಕೆ ಬೇರೆ ಭತ್ಯೆಯುಂಟು. ಕೈಗೆ ಬರುವ ಸಂಬಳ ತಿಂಗಳಿಗೆ 32,000ದಿಂದ 38,000 ರೂಪಾಯಿ. ಬಿಡುವುದಾದರೆ ಎರಡು ಕಡೆಗೂ 30 ದಿನಗಳ ನೋಟೀಸು." ಇಷ್ಟನ್ನು ಬರೆಯಲು ಯಾವ ಜಾಹೀರಾತು ತಜ್ಞನೂ ಬೇಕಿಲ್ಲ. ಇದನ್ನು ಓದಿದ ಹುಡುಗ ತನಗೆ ಒಪ್ಪಿದರೆ ಬರುತ್ತಾನೆ, ಒಪ್ಪದಿದ್ದರೆ ಬೇರೆ ಕಡೆ ಹೋಗುತ್ತಾನೆ. ಎಂಟು ತಿಂಗಳು ತನ್ನಲ್ಲೇ ದೋಷ ಹುಡುಕುತ್ತ ಕುಳಿತುಕೊಳ್ಳುವುದಿಲ್ಲ. ಇದರಲ್ಲಿರುವ ಒಂದೊಂದು ವಾಕ್ಯವೂ ಕಂಪನಿಯನ್ನು ಬದ್ಧಗೊಳಿಸುತ್ತದೆಂಬುದು ನಿಜ. ಹಾಗೆ ಬರೆಯಲು ಕೈ ಏಳದಿರುವುದಕ್ಕೆ ಬಹುಶಃ ಅದೇ ಕಾರಣ.

ಕಡೆಯದಾಗಿ ಒಂದು ಬಿನ್ನಹ. ಹಳೆಯ ವಿದ್ಯಾರ್ಥಿಗಳ ಮುಂದಿನ ಸಮಾವೇಶಕ್ಕೆ ಬರುವಾಗ, ನೇಮಕದ ಅಧಿಕಾರವುಳ್ಳವರು ತಾವು ಕಡೆಯ ಸಲ ರುಜು ಹಾಕಿದ ಜಾಹೀರಾತಿನ ಒಂದು ಪ್ರತಿಯನ್ನು ಜೊತೆಯಲ್ಲಿ ತನ್ನಿರಿ. ಮಧ್ಯಾಹ್ನದ ಪ್ರಸಾದವಾದ ಮೇಲೆ ನಿಲಯದ ಅಂತಿಮ ವರ್ಷದ ಮಕ್ಕಳನ್ನು ಕೂರಿಸಿ ಅವರ ಮುಂದೆ ಅದನ್ನು ತಾವೇ ಓದಿರಿ. ಪ್ರತಿಯೊಂದು ಶಬ್ದಕ್ಕೂ ಅವರು ಅರ್ಥ ಕೇಳುತ್ತಾರೆ. ನಾಚದೆ ಕೇಳಬೇಕೆಂದು ನಾನೇ ಅವರಿಗೆ ಹೇಳಿಟ್ಟಿರುತ್ತೇನೆ. ಅರ್ಥ ಹೇಳಲಾಗದ ಶಬ್ದಗಳನ್ನು ಅಲ್ಲಿಯೇ ಹೊಡೆದುಹಾಕಿ, ಉಳಿದುದನ್ನು ನಿಲಯದ ಸೂಚನಾ ಫಲಕದ ಮೇಲೆ ಅಂಟಿಸಿ ಹೋಗಿರಿ.